ಬ್ಯಾಕ್ ಟು ದಿ ಫ್ಯೂಚರ್ ಭಾಗ 2: ಹಾರುವ ಹಲಗೆ ಬಿಟ್ಟು ಬೇರೆ ಮಾತಾಡೋಣ

ಗಿರಿ_ಬದಿ, ಚಿಕ್ಕಮಗಳೂರು

ಈ ಸಿನಿಮಾ ಬಗ್ಗೆ ಯಾರ ಹತ್ತಿರ ಮಾತು ತೆಗೆದರೂ ಮೊದಲು ಬರುವುದು ಹಾರುವ ಹಲಗೆ. ಆಮೇಲೆ ತಾನಾಗಿ ಲೇಸ್ ಬಿಗಿದುಕೊಳ್ಳುವ ಶೂ. ಆಮೇಲೆ 2015ರ ಬಗ್ಗೆ ಅವರು ಹೇಳಿದ್ದರಲ್ಲಿ ಎಷ್ಟು ನಿಜವಾಯಿತು ಅನ್ನುವ ಲೆಕ್ಕ. ಅಲ್ಲಿಗೆ ಮಾತು ಮುಗಿಯಿತು. ನನಗೆ ಇದು ಹಳೇ ಕಿರಿಕಿರಿ. ಪೂರ್ತಿ ಸಿನಿಮಾ 108 ನಿಮಿಷ. ಅದರಲ್ಲಿ 2015 ಅರ್ಧವೂ ಇಲ್ಲ. ನನ್ನ ಪ್ರಕಾರ ಅಸಲಿ ಸಿನಿಮಾ ಶುರುವಾಗುವುದೇ ಕೊನೆಯ ಭಾಗದಲ್ಲಿ, ಮಾರ್ಟಿ ಮತ್ತೆ 1955ಕ್ಕೆ ಬಂದು ಇಳಿದಾಗ. ಹೋದ ವಾರ ಹಾಸನದಲ್ಲಿ ಗೆಳೆಯರ ಮನೆಯಲ್ಲಿ ಪ್ರೊಜೆಕ್ಟರ್ ಹಾಕಿ ಮೊದಲ ಎರಡು ಭಾಗ ಬೆನ್ನುಬೆನ್ನಿಗೆ ನೋಡಿದೆವು. ಅಲ್ಲಿ ಶುರುವಾದ ಜಗಳವನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ನೋಡದವರಿಗೆ ಬೇಗ ಹೇಳಿಬಿಡುತ್ತೇನೆ. 1985ರಲ್ಲಿ ಬಂದ ಮೊದಲ ಭಾಗದಲ್ಲಿ ಮಾರ್ಟಿ ಅನ್ನುವ ಹುಡುಗ, ಡಾಕ್ ಬ್ರೌನ್ ಅನ್ನುವ ವಿಜ್ಞಾನಿ ಮಾಡಿದ ಡಿಲೋರಿಯನ್ ಕಾರಿನಲ್ಲಿ 30 ವರ್ಷ ಹಿಂದಕ್ಕೆ ಹೋಗುತ್ತಾನೆ. ಅಲ್ಲಿ ತನ್ನ ಅಪ್ಪ ಅಮ್ಮ ಒಬ್ಬರಿಗೊಬ್ಬರು ಸಿಗುವುದನ್ನೇ ತಪ್ಪಿಸಿಬಿಡುತ್ತಾನೆ. ಹೇಗೋ ಅವರನ್ನು ಜೋಡಿ ಮಾಡಿ, ಗಡಿಯಾರದ ಗೋಪುರಕ್ಕೆ ಬೀಳುವ ಸಿಡಿಲಿನ ಬಲದಿಂದ ವಾಪಸ್ ಬರುತ್ತಾನೆ. 1989ರ ಎರಡನೇ ಭಾಗದಲ್ಲಿ 2015ಕ್ಕೆ ಹೋಗಿ ಒಂದು ಕ್ರೀಡಾ ಪಂಚಾಂಗ ಕೊಳ್ಳುತ್ತಾನೆ. 1950ರಿಂದ 2000ದವರೆಗಿನ ಪಂದ್ಯಗಳ ಫಲಿತಾಂಶ ಅದರಲ್ಲಿದೆ. ಹಿಂದೆ ಮಾರ್ಟಿಯ ಅಪ್ಪನನ್ನು ಕಾಡುತ್ತಿದ್ದ ಪುಂಡ, ಈಗ ಮುದುಕನಾದ ಬಿಫ್, ಡಾಕ್ ಕಸಕ್ಕೆ ಎಸೆದ ಅದನ್ನು ಎತ್ತಿಕೊಂಡು, ಕಾರನ್ನು ಕದ್ದು, 1955ರಲ್ಲಿದ್ದ ತನಗೇ ಕೊಟ್ಟು ಬರುತ್ತಾನೆ. ಬಾಜಿ ಕಟ್ಟಿ ಕಟ್ಟಿ ಬಿಫ್ ಕೋಟ್ಯಧಿಪತಿ. ಊರು ಹಾಳು. ಮಾರ್ಟಿಯ ಅಪ್ಪ ಜಾರ್ಜ್ ಕೊಲೆಯಾಗಿದ್ದಾನೆ, ಅಮ್ಮ ಬಿಫ್‌ನ ಹೆಂಡತಿ. ಇದು ಸರಿಹೋಗಬೇಕಾದರೆ 1955ರ ನವೆಂಬರ್ 12ಕ್ಕೇ ಹೋಗಬೇಕು. ಅದೇ ದಿನ, ಅದೇ ಊರು, ಅದೇ ಸಿಡಿಲು.

ಇಲ್ಲಿಂದ ಸಿನಿಮಾ ಬೇರೆಯೇ ಆಗುತ್ತದೆ. ಎರಡನೇ ಭಾಗ ಅಂದರೆ ಸಾಮಾನ್ಯವಾಗಿ ಮೊದಲನೆಯದರ ಮುಂದಿನ ಕಥೆ. ಇದು ಮುಂದಕ್ಕೆ ಹೋಗುವುದಿಲ್ಲ, ಮೊದಲನೆಯದರ ಒಳಕ್ಕೇ ನುಗ್ಗುತ್ತದೆ. ನಾವು ಆಗಲೇ ನೋಡಿ ಚಪ್ಪಾಳೆ ಹೊಡೆದ ದೃಶ್ಯಗಳು ಅಲ್ಲೇ ಪಕ್ಕದಲ್ಲಿ ನಡೆಯುತ್ತಿರುತ್ತವೆ. ಹೊಸ ಮಾರ್ಟಿ ಅವುಗಳ ಬೆನ್ನಿಗೆ, ಸಂದಿಗೊಂದಿಯಲ್ಲಿ, ಮೇಜಿನ ಅಡಿಯಲ್ಲಿ ತೆವಳಿಕೊಂಡು ಓಡಾಡುತ್ತಾನೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಹೀಗೆ ಹೇಳಿದರೆ ಗೊತ್ತಾದೀತು. ಮೊದಲ ಭಾಗ ರಂಗಸ್ಥಳದ ಎದುರು ಕೂತು ನೋಡಿದ ಯಕ್ಷಗಾನದ ಆಟ. ಎರಡನೇ ಭಾಗ ಅದೇ ಪ್ರಸಂಗವನ್ನು ಅದೇ ರಾತ್ರಿ ವೇಷ ಕಟ್ಟುವ ಚೌಕಿಯಲ್ಲಿ ನಿಂತು ನೋಡಿದ್ದು. ಭಾಗವತರ ಪದ ಅದೇ ಕೇಳುತ್ತಿದೆ, ಈ ಕಡೆ ಮಾತ್ರ ಯಾರೋ ಕಿರೀಟದ ದಾರ ಹುಡುಕುತ್ತಿದ್ದಾರೆ.

ಶಾಲೆಯ ಡ್ಯಾನ್ಸ್ ದೃಶ್ಯವನ್ನೇ ತೆಗೆದುಕೊಳ್ಳಿ. ಮೊದಲ ಭಾಗದಲ್ಲಿ ಮಾರ್ಟಿ ವೇದಿಕೆ ಮೇಲೆ ಗಿಟಾರ್ ಹಿಡಿದು ಮೈಮರೆತದ್ದು ನೆನಪಿದೆಯಲ್ಲ? ಅದೇ ಹೊತ್ತಿಗೆ ಬಿಫ್‌ನ ಮೂವರು ಚೇಲಾಗಳು ವೇದಿಕೆ ಬದಿಯಲ್ಲಿ ಅವನಿಗೆ ಹೊಂಚು ಹಾಕಿ ನಿಂತಿದ್ದರಂತೆ! ಈಗಷ್ಟೇ ಹೊರಗೆ ಜಾಕೆಟ್ ಹಾಕಿಕೊಂಡಿದ್ದವನು ಒಳಗೆ ಬರುವಷ್ಟರಲ್ಲಿ ಬಟ್ಟೆ ಹೇಗೆ ಬದಲಾಯಿಸಿದ ಅಂತ ಅವರಿಗೆ ತಲೆ ಕೆಟ್ಟಿದೆ. ಹೊಸ ಮಾರ್ಟಿ ವೇದಿಕೆಯ ಮೇಲಿನ ಅಟ್ಟಣಿಗೆ ಹತ್ತುತ್ತಾನೆ. ಕೆಳಗೆ ತಾನೇ ಬಾರಿಸುತ್ತಿರುವ ಗಿಟಾರಿನ ಗದ್ದಲದಲ್ಲಿ ಮರಳಿನ ಮೂಟೆಗಳನ್ನು ಅವರ ತಲೆ ಮೇಲೆ ಬಿಡುತ್ತಾನೆ. ಮೂವರೂ ಅಂಗಾತ. ಗಿಟಾರ್ ನಿಲ್ಲುವುದೇ ಇಲ್ಲ. ಇದಾದ ಮೇಲೆ ಮೊದಲ ಭಾಗ ನೋಡಿ. ಆ ಹಾಡಿನ ಹೊತ್ತಿಗೆ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ.

ಅದರ ಮುಂದಿನದು ಇನ್ನೂ ಚೆನ್ನ. ಪಂಚಾಂಗ ಕೈಗೆ ಸಿಕ್ಕಿದೆ. ಬಾಗಿಲ ಹೊರಗೆ ಬಿಫ್ ಅಡ್ಡ ನಿಂತು ಪುಕ್ಕಲ ಅಂತ ಕೆಣಕುತ್ತಾನೆ. ಅಷ್ಟು ಅಂದರೆ ಮಾರ್ಟಿಗೆ ಪಿತ್ತ ನೆತ್ತಿಗೇರುತ್ತದೆ. ನಿಂತು ತಿರುಗುತ್ತಾನೆ. ಅಷ್ಟರಲ್ಲಿ ಬಾಗಿಲು ಧಡಾರ್ ಅಂತ ತೆರೆದು ಮುಖಕ್ಕೆ ಬಡಿಯುತ್ತದೆ. ತೆರೆದವನು ಮೊದಲ ಭಾಗದ ಮಾರ್ಟಿ! ಅಪ್ಪ ಅಮ್ಮನಿಗೆ ಬರ್ತೀನಿ ಅಂತ ಹೇಳಿ, ಖುಷಿಯಲ್ಲಿ ಹಿಂದೆ ಮುಂದೆ ನೋಡದೆ ಓಡಿಹೋಗುತ್ತಾನೆ. ಎರಡನೇ ಮಾರ್ಟಿ ನೆಲದ ಮೇಲೆ. ಪಂಚಾಂಗ ಮತ್ತೆ ಬಿಫ್ ಕೈಗೆ. ಮೊದಲ ಸಿನಿಮಾದ ಸುಖಾಂತ್ಯವೇ ಬಂದು ಎರಡನೇ ಸಿನಿಮಾದ ಹೀರೋನ ಮೂತಿಗೆ ಗುದ್ದಿತು. ಇಂಥ ಜೋಕನ್ನು ಬೇರೆ ಯಾವ ಎರಡನೇ ಭಾಗದಲ್ಲೂ ನಾನು ಕಂಡಿಲ್ಲ.

ಇನ್ನೊಂದು ಚಿಕ್ಕದು. ಜಾರ್ಜ್ ಬಿಫ್‌ಗೆ ಒಂದೇ ಏಟು ಕೊಟ್ಟು ಬೀಳಿಸುವ ದೃಶ್ಯ ಎರಡರಲ್ಲೂ ಇದೆ. ಮೊದಲ ಸಲ ನಾವು ನೋಡಿದಾಗ ಅದು ಬರೀ ಗೆಲುವು. ಈ ಸಲ ದೂರದಿಂದ ನೋಡುತ್ತಿರುವ ಮಗ, ಸ್ವಲ್ಪ ಹೊತ್ತಿನ ಹಿಂದೆ ಇದೇ ಅಪ್ಪನ ಸಮಾಧಿ ಕಲ್ಲು ಮುಟ್ಟಿ ಬಂದವನು. ಸಿನಿಮಾ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಳುವ ಸಂಗೀತ ಇಲ್ಲ. ಮಾರ್ಟಿಗೆ ಪುರುಸೊತ್ತೂ ಇಲ್ಲ, ಬಿದ್ದ ಬಿಫ್ ಜೇಬಿಗೆ ಕೈ ಹಾಕಲು ಓಡುತ್ತಾನೆ. ಅದೇ ದೃಶ್ಯ, ಆದರೆ ತೂಕ ಬೇರೆ.

ಇದೆಲ್ಲ ಮೊದಲೇ ಹೊಳೆದದ್ದಲ್ಲ. ಚಿತ್ರಕಥೆ ಬರೆದ ಬಾಬ್ ಗೇಲ್ ಮೊದಲ ಕರಡಿನಲ್ಲಿ ಕೊನೆಯ ಭಾಗವನ್ನು 1967ಕ್ಕೆ ಇಟ್ಟಿದ್ದರು. ಹಿಪ್ಪಿಗಳ ಕಾಲ. ನಿರ್ದೇಶಕ ರಾಬರ್ಟ್ ಜೆಮೆಕಿಸ್ ಆಗ ಬೇರೊಂದು ಸಿನಿಮಾದಲ್ಲಿ ಮುಳುಗಿದ್ದರು. ಮತ್ತೆ ಮೊದಲ ಸಿನಿಮಾದ ಒಳಗೇ ಹೋಗೋಣ ಅಂದವರು ಅವರೇ. 1967 ಆಗಿದ್ದರೆ ಇದು ಇನ್ನೊಂದು ಕಾಲದ ಪ್ರವಾಸ ಆಗಿರುತ್ತಿತ್ತು. ಚೆನ್ನಾಗಿಯೂ ಇರುತ್ತಿತ್ತೇನೋ. ಆದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ.

ರೋಬಸ್ಟಾ, ಸಕಲೇಶಪುರ

ಆ ಕಾರು ಕಾಲ ದಾಟಬೇಕಾದರೆ ಮುಟ್ಟಬೇಕಾದ ವೇಗ ಗಂಟೆಗೆ 88 ಮೈಲಿ, ಅಂದರೆ ಹತ್ತಿರ ಹತ್ತಿರ 142 ಕಿಲೋಮೀಟರ್. ಹಾಸನ ಬೆಂಗಳೂರು ಹೆದ್ದಾರಿಯಲ್ಲಿ ಅಷ್ಟು ಹೊಡೆದರೆ 1955ಕ್ಕೆ ಹೋಗುವ ಮೊದಲು ಮನೆಗೆ ದಂಡದ ಚೀಟಿ ಬರುತ್ತದೆ. ಶಿರಾಡಿ ಘಾಟಿಯಲ್ಲಂತೂ ಮಳೆಗಾಲದಲ್ಲಿ 30 ದಾಟಿದರೆ ಪುಣ್ಯ. ಕಾರು ಹಾರುವಂತೆ ಮಾಡಿದ್ದೇ ಎರಡನೇ ಭಾಗದ ದೊಡ್ಡ ಉಪಕಾರ.

ಸಾಲಗಾಮೆ_ರೋಡ್, ಹಾಸನ

ಜಗಳ ಆಡಿದ್ದು ನಾನೇ. ಇಲ್ಲಿಯೂ ಬಿಡುವುದಿಲ್ಲ.

ನೀವು ಹೊಗಳಿದ ಒಂದೊಂದು ದೃಶ್ಯವೂ ಮೊದಲ ಭಾಗದ ಸಾಲದ ಮೇಲೆ ನಿಂತಿದೆ. ಮೂಟೆ ಬೀಳುವುದು ತಮಾಷೆ ಯಾಕೆ? ಮೊದಲ ಭಾಗದ ಗಿಟಾರ್ ನೆನಪಿರುವುದರಿಂದ. ಬಾಗಿಲು ಯಾಕೆ ತಮಾಷೆ? ಅದೇ ಕಾರಣ. ಮೊದಲ ಭಾಗ ನೋಡದವನನ್ನು ಕೂರಿಸಿ ಇದನ್ನು ತೋರಿಸಿ, ಅರ್ಧಕ್ಕೆ ಎದ್ದು ಹೋಗುತ್ತಾನೆ. ಮೊದಲ ಭಾಗಕ್ಕೆ ಆ ತೊಂದರೆ ಇಲ್ಲ. ಅಲ್ಲಿ ಮೊದಲ ಹತ್ತು ನಿಮಿಷದಲ್ಲಿ ಬಂದ ಒಂದೊಂದು ಮಾತೂ ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. ಗೋಪುರ ಉಳಿಸಿ ಅಂತ ಹಂಚಿದ ಒಂದು ಚೀಟಿಯಿಂದಲೇ ಸಿಡಿಲಿನ ಸಮಯ, ರಾತ್ರಿ 10 ಗಂಟೆ 4 ನಿಮಿಷ, ಗೊತ್ತಾಗುತ್ತದೆ. ಅದು ಚಿತ್ರಕಥೆ.

ಇನ್ನು ಎರಡನೆಯದರ ಕೊನೆ. ಕಥೆ ಮುಗಿಯುವುದೇ ಇಲ್ಲ. ಮೂರನೇ ಭಾಗದ ಟ್ರೈಲರ್ ಹಾಕಿ ಕಳಿಸಿಬಿಡುತ್ತಾರೆ. ಟಿಕೆಟ್ ತೆಗೆದುಕೊಂಡು ಬಂದವನಿಗೆ ಇದು ಮೋಸ ಅಲ್ವಾ?

ಗಿರಿ_ಬದಿ, ಚಿಕ್ಕಮಗಳೂರು

ಸಾಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬಡ್ಡಿ ಸಮೇತ ತೀರಿಸಿದ್ದಾರೆ. ಎರಡನೆಯದನ್ನು ನೋಡಿದ ಮೇಲೆ ಮೊದಲನೆಯದು ದೊಡ್ಡದಾಗುತ್ತದೆ. ಎಷ್ಟು ಎರಡನೇ ಭಾಗಗಳು ಮೊದಲನೆಯದನ್ನು ಹಾಳು ಮಾಡದೆ ಬಿಟ್ಟಿವೆ, ನೀವೇ ಹೇಳಿ. ನಮ್ಮಲ್ಲಂತೂ ಹೆಸರಿನ ಮುಂದೆ 2 ಅಂತ ಬರೆದು, ಬೇರೆ ಕಥೆ, ಬೇರೆ ಊರು, ಅದೇ ಹೀರೋ ಅಂತ ನಡೆಸಿಬಿಡುತ್ತಾರೆ.

ಟ್ರೈಲರ್ ವಿಷಯ. ಎರಡು, ಮೂರು ಭಾಗಗಳನ್ನು ಒಟ್ಟಿಗೆ ಚಿತ್ರೀಕರಿಸಿದ್ದರು. 1989ರ ನವೆಂಬರಿನಲ್ಲಿ ಇದು ಬಂತು, 1990ರ ಮೇನಲ್ಲಿ ಮೂರನೆಯದು. ಆರು ತಿಂಗಳು ಕಾಯುವುದು ಕಷ್ಟವೇನಲ್ಲ. ಈಗ ಎರಡು ಮೂರು ವರ್ಷ ಕಾಯಿಸುತ್ತಾರೆ.

ಪುಟ_ತಿರುವಿ, ಹಾಸನ

ಹೊಗಳಿಕೆ ಸಾಕು, ನನ್ನದೊಂದು ದೂರು. ಜೆನಿಫರ್.

ಮಾರ್ಟಿಯ ಗೆಳತಿ. ಮೊದಲ ಭಾಗದ ಕೊನೆಯಲ್ಲಿ ಅವಳೂ ಕಾರು ಹತ್ತುತ್ತಾಳೆ. ಎರಡನೆಯದರಲ್ಲಿ ಬಂದ ಕೂಡಲೇ ಡಾಕ್ ಅವಳಿಗೆ ಪ್ರಜ್ಞೆ ತಪ್ಪಿಸುತ್ತಾನೆ. ಜಾಸ್ತಿ ಪ್ರಶ್ನೆ ಕೇಳುತ್ತಾಳೆ ಅಂತ! ಮೊದಲು ಕಸದ ಮೂಟೆಗಳ ಪಕ್ಕ ಮಲಗಿಸುತ್ತಾರೆ, ಆಮೇಲೆ ಅವಳ ಮನೆಯ ಜಗುಲಿಯಲ್ಲಿ ಬಿಟ್ಟು ಹೋಗುತ್ತಾರೆ. ಮಧ್ಯದಲ್ಲಿ ಒಮ್ಮೆ ಎದ್ದು, ಮುದುಕಿಯಾದ ತನ್ನನ್ನೇ ನೋಡಿ ಮತ್ತೆ ಮೂರ್ಛೆ. ಮುಗಿಯಿತು ಅವಳ ಪಾತ್ರ. ಬಾಬ್ ಗೇಲ್ ಕೂಡ ಹೇಳಿದ್ದಾರೆ, ಎರಡನೇ ಭಾಗ ಮಾಡುತ್ತೇವೆ ಅಂತ ಗೊತ್ತಿದ್ದರೆ ಜೆನಿಫರ್‌ನನ್ನು ಆ ಕಾರಿಗೆ ಹತ್ತಿಸುತ್ತಲೇ ಇರಲಿಲ್ಲ ಅಂತ. ಮೊದಲ ಭಾಗ ಥಿಯೇಟರಿಗೆ ಬಂದಾಗ ಕೊನೆಯಲ್ಲಿ 'ಮುಂದುವರಿಯುವುದು' ಅಂತ ಇರಲೂ ಇಲ್ಲ. ವಿಡಿಯೋ ಕ್ಯಾಸೆಟ್ ಬಂದಾಗ ಸೇರಿಸಿದ್ದು. ಹಾರುವ ಕಾರು ಸುಮ್ನೆ ಒಂದು ತಮಾಷೆ ಅಂತ ಹಾಕಿದ್ದು ಅವರ ಕೊರಳಿಗೇ ಬಂತು.

ಅವಳು ಎದ್ದಿದ್ದಿದ್ದರೆ ಎಷ್ಟು ಕೆಲಸಕ್ಕೆ ಬರುತ್ತಿದ್ದಳು ಯೋಚಿಸಿ. ಮಾರ್ಟಿ ಪಂಚಾಂಗ ಕೊಳ್ಳಲು ಹೊರಟಾಗ ತಲೆಗೆ ಒಂದು ಮೊಟಕಿದ್ದರೆ ಸಿನಿಮಾನೇ ಇರುತ್ತಿರಲಿಲ್ಲ.

ಅಂದ ಹಾಗೆ ನಟಿಯೂ ಬದಲಾದರು. ಮೊದಲು ಕ್ಲಾಡಿಯಾ ವೆಲ್ಸ್, ಆಮೇಲೆ ಎಲಿಸಬೆತ್ ಶೂ. ಮೊದಲ ಭಾಗದ ಕೊನೆಯ ದೃಶ್ಯವನ್ನು ಎರಡನೆಯದರ ಆರಂಭಕ್ಕೆ ಪೂರ್ತಿ ಮತ್ತೆ ಚಿತ್ರೀಕರಿಸಿದರು. ಗಿರಿ_ಬದಿ ಹೇಳುವ 'ಒಳಕ್ಕೆ ನುಗ್ಗುವುದು' ಅಲ್ಲಿಂದಲೇ ಶುರು ಅನ್ನಬಹುದು.

ಹೊಸಬ_ಬೇಲೂರು

ನಾನು ಇದೇ ಮೊದಲ ಸಲ ನೋಡಿದ್ದು, ಅದೂ ಫೋನಿನಲ್ಲಿ. ಎರಡು ಡೌಟು.

ಒಂದು, 2015ರ ಮನೆಯಲ್ಲಿ ಊಟದ ಮೇಜಿನ ಸುತ್ತ ಮುದುಕ ಮಾರ್ಟಿ, ಮಗ, ಮಗಳು ಮೂವರೂ ಒಬ್ಬನೇ ನಟ ಅಂತ ಆಮೇಲೆ ಗೊತ್ತಾಯಿತು. ನಮ್ಮ ಹಳೇ ದ್ವಿಪಾತ್ರದ ಸಿನಿಮಾಗಳಲ್ಲಿ ಮಧ್ಯದಲ್ಲೊಂದು ಗೆರೆ ಕಾಣುತ್ತದೆ. ಇಲ್ಲಿ ಕ್ಯಾಮೆರಾ ಆರಾಮಾಗಿ ಓಡಾಡುತ್ತಿದೆ. 1989ರಲ್ಲಿ ಹೇಗೆ ಮಾಡಿದರು?

ಎರಡು, ಜಾರ್ಜ್ ಯಾಕೆ 2015ರಲ್ಲಿ ತಲೆಕೆಳಗಾಗಿ ನೇತಾಡುತ್ತಾನೆ? ಜೋಕಾ ಅದು?

ಗಿರಿ_ಬದಿ, ಚಿಕ್ಕಮಗಳೂರು

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಹಳೇ ಕಾಲದಲ್ಲಿ ಕ್ಯಾಮೆರಾ ಅಲ್ಲಾಡದಂತೆ ಬಿಗಿದು, ಅರ್ಧ ಫ್ರೇಮ್ ಮುಚ್ಚಿ ಒಂದು ಸಲ, ಉಳಿದರ್ಧ ಮುಚ್ಚಿ ಇನ್ನೊಂದು ಸಲ ತೆಗೆಯುತ್ತಿದ್ದರು. ಕ್ಯಾಮೆರಾ ಕೂದಲೆಳೆ ಸರಿದರೂ ಎರಡು ಅರ್ಧ ಕೂಡುವುದಿಲ್ಲ. ಈ ಸಿನಿಮಾಕ್ಕೆ ಐಎಲ್‌ಎಂ ಅನ್ನುವ ವಿಷುಯಲ್ ಎಫೆಕ್ಟ್ಸ್ ಕಂಪನಿಯವರು ವಿಸ್ಟಾಗ್ಲೈಡ್ ಅಂತ ಒಂದು ವ್ಯವಸ್ಥೆ ಮಾಡಿದರು. ಕ್ಯಾಮೆರಾ ಹೇಗೆ ಸರಿಯಿತು, ಎಷ್ಟು ತಿರುಗಿತು ಅನ್ನುವುದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು ಎಷ್ಟು ಸಲ ಬೇಕಾದರೂ ಹಾಗೆಯೇ ಮಾಡುತ್ತದೆ. ಮೈಕೆಲ್ ಜೆ ಫಾಕ್ಸ್ ಒಂದು ವೇಷದಲ್ಲಿ ಕೂತು ನಟಿಸುತ್ತಾರೆ, ಎದ್ದು ಹೋಗಿ ಮೇಕಪ್ ಬದಲಿಸಿ ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಎದುರಿಗೆ ಯಾರೂ ಇಲ್ಲ, ಗಾಳಿಗೆ ಮಾತಾಡಬೇಕು. ಆ ವರ್ಷ ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಬೇರೆ ಸಿನಿಮಾಕ್ಕೆ ಹೋಯಿತು.

ನನಗೆ ಇದಕ್ಕಿಂತ ಇಷ್ಟ ಡಾಕ್ ತನ್ನನ್ನೇ ಭೇಟಿ ಮಾಡುವ ದೃಶ್ಯ. 1955ರ ಡಾಕ್ ಬೀದಿಯಲ್ಲಿ ತಂತಿ ಎಳೆಯುತ್ತಾ, ಪಕ್ಕದಲ್ಲಿ ನಿಂತವನಿಗೆ ಸ್ಪ್ಯಾನರ್ ಕೊಡಪ್ಪ ಅನ್ನುತ್ತಾನೆ. ಪಕ್ಕದವನು 1985ರ ಡಾಕ್. ಮುಖ ಆ ಕಡೆ ತಿರುಗಿಸಿ, ಟೋಪಿ ತಗ್ಗಿಸಿ, ನೀವು ಕೇಳಿದ ಅಳತೆ ಅಲ್ಲ, ಈ ಅಳತೆ ಬೇಕು ಅಂತ ತಿದ್ದಿ ಕೊಡುತ್ತಾನೆ. ಆಮೇಲೆ ಇಬ್ಬರೂ ಹವಾಮಾನದ ಬಗ್ಗೆ ಎರಡು ಮಾತಾಡುತ್ತಾರೆ! ಮುಖ ನೋಡಿದರೆ ಜಗತ್ತೇ ಮುಳುಗೀತು ಅಂತ ಭಾಷಣ ಹೊಡೆದಿದ್ದ ಮನುಷ್ಯ, ಮಾತಾಡುವ ಆಸೆ ತಡೆಯಲಾಗದೆ ನಿಂತಿದ್ದಾನೆ.

ಪುಟ_ತಿರುವಿ, ಹಾಸನ

ತಲೆಕೆಳಗು ಜಾರ್ಜ್ ಬಗ್ಗೆ ನಾನು ಹೇಳುತ್ತೇನೆ. ಜೋಕಿನ ಹಿಂದೆ ವ್ಯಾಜ್ಯ ಇದೆ. ಮೊದಲ ಭಾಗದಲ್ಲಿ ಜಾರ್ಜ್ ಆಗಿದ್ದ ಕ್ರಿಸ್ಪಿನ್ ಗ್ಲೋವರ್ ಎರಡನೆಯದಕ್ಕೆ ಬರಲಿಲ್ಲ. ಸಂಭಾವನೆ ಕಾರಣ ಅಂತ ಸಿನಿಮಾ ಮಾಡಿದವರು, ಹಾಗಲ್ಲ ಅಂತ ಗ್ಲೋವರ್. ಆಗ ಜೆಫ್ರಿ ವೈಸ್‌ಮನ್ ಎಂಬ ಇನ್ನೊಬ್ಬ ನಟನಿಗೆ ಗ್ಲೋವರ್ ಮುಖದ ಹೋಲಿಕೆ ಬರುವ ಹಾಗೆ ಮೇಕಪ್ ಮಾಡಿದರು. ತಲೆಕೆಳಗೆ ನೇತುಹಾಕಿದರೆ, ಕಪ್ಪು ಕನ್ನಡಕ ಹಾಕಿದರೆ ಗುರುತು ಹಿಡಿಯುವುದು ಕಷ್ಟ ಅಲ್ವಾ? ಜೊತೆಗೆ ಮೊದಲ ಭಾಗದ ಗ್ಲೋವರ್ ದೃಶ್ಯಗಳನ್ನೂ ಬಳಸಿದರು. ತನ್ನ ಮುಖವನ್ನು ಕೇಳದೆ ಬಳಸಿದ್ದಾರೆ ಅಂತ ಅವರು ಕೋರ್ಟಿಗೆ ಹೋದರು. ಕೊನೆಗೆ ಹೊರಗೇ ಇತ್ಯರ್ಥವಾಯಿತು. ಆಮೇಲೆ ಅಮೆರಿಕದ ನಟರ ಸಂಘ ಇಂಥದ್ದಕ್ಕೆ ನಿಯಮ ಬಿಗಿ ಮಾಡಿತು.

ಸತ್ತ ನಟರನ್ನು ಕಂಪ್ಯೂಟರಿನಲ್ಲಿ ಎಬ್ಬಿಸುವ ಈ ಕಾಲದಲ್ಲಿ ನೋಡಿದರೆ, ಸಿನಿಮಾ ಭವಿಷ್ಯ ಸರಿಯಾಗಿ ತೋರಿಸಿದ್ದು ತೆರೆಯ ಮೇಲಲ್ಲ, ಮೇಕಪ್ ರೂಮಿನಲ್ಲಿ. ಗಿರಿ_ಬದಿಯವರು ಮೈಮರೆತ ಆ ಏಟಿನ ದೃಶ್ಯದಲ್ಲೂ ಈ ಕಹಿ ಸ್ವಲ್ಪ ಬೆರೆತಿದೆ. ನನಗಂತೂ ಮರೆಯಲು ಆಗುವುದಿಲ್ಲ.

ಮಲೆನಾಡ_ಮಿಂಚು, ಮೂಡಿಗೆರೆ

ವಿದ್ಯುತ್ ಕೆಲಸದಲ್ಲಿ ಇದ್ದು ನಿವೃತ್ತಿಯಾದವನು ನಾನು. ನನಗೆ ಈ ಸಿನಿಮಾ ಅಂದರೆ 1.21 ಗಿಗಾವ್ಯಾಟ್, ಆ ಕಾರು ಕಾಲ ದಾಟಲು ಬೇಕಾದ ವಿದ್ಯುತ್. ಅಂದರೆ 1210 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಪೂರ್ತಿ ತಿರುಗಿದರೆ ಬರುವುದು 1035 ಮೆಗಾವ್ಯಾಟ್. ಜೋಗದ ನೀರೆಲ್ಲ ಬಸಿದರೂ ಡಿಲೋರಿಯನ್ ಹೊರಡುವುದಿಲ್ಲ! ಆದರೆ ಒಂದು ಮಾತು. ವ್ಯಾಟ್ ಅನ್ನುವುದು ಒಂದು ಕ್ಷಣದ ಬಿರುಸು, ಯೂನಿಟ್ ಅಲ್ಲ. ಎಷ್ಟು ಹೊತ್ತು ಬೇಕು ಅಂತ ಡಾಕ್ ಹೇಳುವುದೇ ಇಲ್ಲ. ಸೆಕೆಂಡಿನ ಚೂರು ಸಾಕು ಅಂದರೆ ಬಿಲ್ ಅಂಥ ದೊಡ್ಡದಾಗುವುದಿಲ್ಲ. ಸಿಡಿಲಿನಲ್ಲಿ ಆ ಬಿರುಸು ಧಾರಾಳ ಇದೆ, ಉಳಿಯುವುದು ಮಾತ್ರ ಕಣ್ಣು ಮಿಟುಕುವಷ್ಟೂ ಇಲ್ಲ. ಅದಕ್ಕೇ ಡಾಕ್‌ಗೆ ಸೆಕೆಂಡ್ ಲೆಕ್ಕ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬನ್ನಿ. ಸಿಡಿಲಿಗೆ ಬರ ಇಲ್ಲ. ಎಲ್ಲಿ ಬೀಳುತ್ತದೆ ಅಂತ ಮುಂಚೆ ಹೇಳುವ ಚೀಟಿ ಮಾತ್ರ ಯಾರೂ ಹಂಚುವುದಿಲ್ಲ.

ರೋಬಸ್ಟಾ, ಸಕಲೇಶಪುರ

ಹಂಚಿದ್ದರೆ ನಮ್ಮ ಟ್ರಾನ್ಸ್‌ಫಾರ್ಮರ್ ಉಳಿಯುತ್ತಿತ್ತು.

ಅರಸೀಕೆರೆ_ಜಂಕ್ಷನ್

ಎಲ್ಲರೂ ತಿರುಗಿಸಿ ತಿರುಗಿಸಿ ಹೊಗಳುತ್ತಿದ್ದೀರಿ. ನನ್ನ ಪ್ರಶ್ನೆಗೆ ಉತ್ತರ ಕೊಡಿ. ಮುದುಕ ಬಿಫ್ 1955ಕ್ಕೆ ಹೋಗಿ ಪಂಚಾಂಗ ಕೊಟ್ಟ ತಕ್ಷಣ ಚರಿತ್ರೆ ಬದಲಾಯಿತು. ಡಾಕ್ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದನ್ನೇ ಹೇಳುತ್ತಾನೆ. ಕವಲೊಡೆದ ಮೇಲೆ ಈ 1985ರಿಂದ ಮುಂದೆ ಹೋದರೆ ಹಳೇ 2015 ಸಿಗುವುದಿಲ್ಲ, ಆದ್ದರಿಂದ ಅಲ್ಲಿಗೆ ಹೋಗಿ ಬಿಫ್‌ನನ್ನು ತಡೆಯಲು ಆಗುವುದಿಲ್ಲ ಅಂತ. ಸರಿ. ಹಾಗಿದ್ದರೆ ಬಿಫ್ 1955ರಿಂದ ಮುಂದೆ ಬಂದಾಗ ಹಳೇ 2015ಕ್ಕೇ ಹೇಗೆ ಬಂದ? ಕಾರನ್ನು ಇದ್ದಲ್ಲೇ ನಿಲ್ಲಿಸಿ ಹೋದನಲ್ಲ! ಡಾಕ್‌ಗೊಂದು ನ್ಯಾಯ, ಬಿಫ್‌ಗೊಂದು ನ್ಯಾಯವೇ?

ಸಾಲಗಾಮೆ_ರೋಡ್, ಹಾಸನ

ನೋಡಿ, ಇದನ್ನೇ ನಾನು ಅಂದು ಕೇಳಿದ್ದು. ಪ್ರೊಜೆಕ್ಟರ್ ಆಫ್ ಮಾಡಿಬಿಟ್ಟರು.

ಗಿರಿ_ಬದಿ, ಚಿಕ್ಕಮಗಳೂರು

ಪ್ರೊಜೆಕ್ಟರ್ ಬಿಸಿಯಾಗಿತ್ತು ಸ್ವಾಮಿ.

ಉತ್ತರ ಸಿನಿಮಾದಲ್ಲೇ ಇದೆ, ಅರ್ಧ ಕತ್ತರಿಸಿ ಹಾಕಿದ್ದಾರೆ ಅಷ್ಟೆ. ಈ ಸರಣಿಯಲ್ಲಿ ಬದಲಾವಣೆ ಒಂದೇ ಏಟಿಗೆ ಆಗುವುದಿಲ್ಲ, ನಿಧಾನಕ್ಕೆ ಹರಡುತ್ತದೆ. ಮೊದಲ ಭಾಗದ ಫೋಟೋ ನೆನಪಿಸಿಕೊಳ್ಳಿ. ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಮಾಸುತ್ತಾರೆ, ಮಾರ್ಟಿಗೆ ಓಡಾಡಲು ವಾರ ಸಿಗುತ್ತದೆ. ಬಿಫ್ ವಾಪಸ್ ಬಂದಾಗ ಅಲೆ ಇನ್ನೂ 2015ಕ್ಕೆ ಮುಟ್ಟಿಲ್ಲ. ಕಾರಿನಿಂದ ಇಳಿಯುವಾಗ ಎದೆ ಹಿಡಿದುಕೊಂಡು ಒದ್ದಾಡುತ್ತಾನಲ್ಲ, ಅದು ಅಲೆ ತಾಗುತ್ತಿರುವ ಲಕ್ಷಣ. ಕತ್ತರಿಸಿದ ದೃಶ್ಯದಲ್ಲಿ ಅವನು ಅಲ್ಲೇ ಮಾಯವಾಗುತ್ತಾನೆ. ಅದನ್ನು ಉಳಿಸಿಕೊಂಡಿದ್ದರೆ ನಿಮ್ಮ ಜಗಳ ಅರ್ಧ ಕಡಿಮೆಯಾಗುತ್ತಿತ್ತು.

ಅರಸೀಕೆರೆ_ಜಂಕ್ಷನ್

ಅಲೆ ಮುಟ್ಟುವ ಮೊದಲು ಡಾಕ್ ಕೂಡ 2015ರಿಂದ ಹೊರಟಿದ್ದಾನೆ. ಅವನಿಗೆ ಸಿಕ್ಕಿದ್ದು ಮಾತ್ರ ಕೆಟ್ಟ 1985. ಬಿಫ್‌ಗೆ ಅಲೆ ಅಷ್ಟು ತಡವಾಗಿ ಮುಟ್ಟಿತು, ಡಾಕ್‌ಗೆ ತಕ್ಷಣ ಮುಟ್ಟಿತೇ?

ಗಿರಿ_ಬದಿ, ಚಿಕ್ಕಮಗಳೂರು

1955ಕ್ಕೆ 1985 ಹತ್ತಿರ, 2015 ದೂರ. ಅಲೆ ಮೊದಲು ಹತ್ತಿರದ ದಡಕ್ಕೆ ತಾನೇ ಮುಟ್ಟುವುದು? ಇದು ನನ್ನ ಲೆಕ್ಕ, ಬಾಬ್ ಗೇಲ್ ಮೇಲೆ ಹೊರಿಸುವುದಿಲ್ಲ.

ಹೊಸಬ_ಬೇಲೂರು

ಇದು ಸರಿ ಅನ್ನಿಸಿತು. ಹಾರುವ ಹಲಗೆ ಬೇಡ ಅಂದಿರಿ, ಆದರೂ ಒಂದು ಕೇಳುತ್ತೇನೆ. ವಿಡಿಯೋ ಕಾಲ್, ಬೆರಳಿನ ಗುರುತಿಟ್ಟು ದುಡ್ಡು ಕೊಡುವುದು, ಗೋಡೆಗಂಟಿದ ಟಿವಿ ಎಲ್ಲ ಸರಿಯಾಗಿದೆ. ಹಾಗಾದರೆ ಮನೆ ತುಂಬ ಫ್ಯಾಕ್ಸ್ ಯಾಕೆ?

ಸಾಲಗಾಮೆ_ರೋಡ್, ಹಾಸನ

1989ರಲ್ಲಿ ಕೂತು ಯೋಚಿಸಿದರೆ ಫ್ಯಾಕ್ಸ್ ದೊಡ್ಡ ವಿಷಯ. ಇನ್ನೂ ಜಾಸ್ತಿ ಫ್ಯಾಕ್ಸ್ ಬರುತ್ತದೆ ಅಂದುಕೊಂಡರು. ಜೇಬಿನ ಫೋನ್ ಮಾತ್ರ ಎಲ್ಲೂ ಇಲ್ಲ. ಬೇಸ್‌ಬಾಲ್ ಸಂಗತಿ ಮಜಾ ಇದೆ. 2015ರಲ್ಲಿ ಷಿಕಾಗೋ ಕಬ್ಸ್ ಚಾಂಪಿಯನ್, ಅದೂ ಮಿಯಾಮಿ ತಂಡದ ವಿರುದ್ಧ ಅಂತ ಸಿನಿಮಾದಲ್ಲಿ ಬರುತ್ತದೆ. ಆಗ ಮಿಯಾಮಿಗೆ ತಂಡವೇ ಇರಲಿಲ್ಲ, ಫ್ಲಾರಿಡಾದ ಮಾರ್ಲಿನ್ಸ್ ಆಡಲು ಶುರು ಮಾಡಿದ್ದು 1993ರಲ್ಲಿ. ಕಬ್ಸ್ 1908ರ ನಂತರ ಗೆದ್ದೇ ಇರಲಿಲ್ಲ, ಅದೇ ಜೋಕು. ಮಾರ್ಟಿ ಬಂದಿಳಿಯುವ ದಿನ 2015ರ ಅಕ್ಟೋಬರ್ 21. ನಿಜವಾದ ಅದೇ ದಿನ ಕಬ್ಸ್ ಸೆಮಿಫೈನಲ್ ಹಂತದಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ ಸೋತು ಹೊರಬಿತ್ತು. ಮರುವರ್ಷ 2016ರಲ್ಲಿ ಗೆದ್ದೇಬಿಟ್ಟಿತು! ಒಂದು ವರ್ಷ ತಪ್ಪಿತು. ಬಿಫ್ ಬಾಜಿ ಕಟ್ಟಿದ್ದರೆ ಮನೆ ಮಾರಬೇಕಿತ್ತು.

ನಮ್ಮ ಊರಿನ ಮಾತೂ ಒಂದು ಸೇರಿಸುತ್ತೇನೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇಲ್ಲೇ ಹಾಸನದಲ್ಲಿದೆ, ಆ ದೊಡ್ಡ ಬಿಳಿ ಆಂಟೆನಾಗಳನ್ನು ನೋಡಿರುತ್ತೀರಿ. ಕಾಲದ ಪ್ರಯಾಣ ಪೂರ್ತಿ ಸುಳ್ಳಲ್ಲ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನ್ ಲೆಕ್ಕ ಹಾಕಿ ಸರಿಮಾಡದಿದ್ದರೆ ನಕ್ಷೆ ದಿನಕ್ಕೆ ಕಿಲೋಮೀಟರುಗಟ್ಟಲೆ ದಾರಿ ತಪ್ಪುತ್ತದೆ. ಹಿಂದಕ್ಕೆ ಹೋಗುವ ದಾರಿ ಮಾತ್ರ ಇದರಲ್ಲಿ ಇಲ್ಲ.

ಮಲೆನಾಡ_ಮಿಂಚು, ಮೂಡಿಗೆರೆ

ಮುಂದಕ್ಕೆ ಹೋಗುವುದು ನಮ್ಮ ಭಾಗವತದಲ್ಲೇ ಇದೆ. ರೇವತಿಗೆ ಗಂಡು ಹುಡುಕಲು ಅವಳ ಅಪ್ಪ ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡು ನಡೀತಾ ಇತ್ತು, ಮುಗಿಯಲಿ ಅಂತ ಕಾದ. ಅಷ್ಟರಲ್ಲಿ ಇಲ್ಲಿ 27 ಚತುರ್ಯುಗ ಕಳೆದಿತ್ತು. ಅವನು ಮನಸ್ಸಲ್ಲಿಟ್ಟುಕೊಂಡಿದ್ದ ಗಂಡುಗಳು ಯಾರೂ ಉಳಿದಿರಲಿಲ್ಲ. ಕೊನೆಗೆ ಬಲರಾಮನಿಗೆ ಕೊಟ್ಟ. ಅಲ್ಲಿಯೂ ಯಾರೂ ಹಿಂದಕ್ಕೆ ಹೋಗಲಿಲ್ಲ.

ಅರಸೀಕೆರೆ_ಜಂಕ್ಷನ್

ಹಿಂದಕ್ಕೆ ಹೋದವರು ಸಿಂಗೀತಂ ಶ್ರೀನಿವಾಸರಾವ್. ಅಣ್ಣಾವ್ರಿಗೆ 'ಹಾಲು ಜೇನು' ಮಾಡಿದವರೇ. 1991ರಲ್ಲಿ ತೆಲುಗಿನಲ್ಲಿ 'ಆದಿತ್ಯ 369' ಮಾಡಿ ಹೀರೋನನ್ನು ಸೀದಾ ಕೃಷ್ಣದೇವರಾಯನ ಆಸ್ಥಾನಕ್ಕೆ ಕಳಿಸಿದರು. ಕನ್ನಡದಲ್ಲಿ 2024ರಲ್ಲಿ ಬಂದ 'ಬ್ಲಿಂಕ್' ನೋಡಿದ್ದೀರಾ? ಚಿಕ್ಕ ಬಜೆಟ್, ದೊಡ್ಡ ತಲೆ. ಅದರಲ್ಲೂ ಒಮ್ಮೆ ನೋಡಿದ ದೃಶ್ಯಕ್ಕೆ ಆಮೇಲೆ ಬೇರೆ ಅರ್ಥ ಬರುತ್ತದೆ. ಗಿರಿ_ಬದಿಯವರಿಗೆ ಇಷ್ಟವಾದೀತು.

ಮಲೆನಾಡ_ಮಿಂಚು, ಮೂಡಿಗೆರೆ

ಯಾರೂ ಆ ಕಾಗದದ ಬಗ್ಗೆ ಬರೆಯಲೇ ಇಲ್ಲ. ನಮ್ಮಣ್ಣ ಟೆಲಿಗ್ರಾಂ ಕೆಲಸದಲ್ಲಿದ್ದ. ಅವನ ಜೊತೆ ಕೂತು ನೋಡಿದೆ. ಡಾಕ್ ಇದ್ದ ಕಾರಿಗೆ ಸಿಡಿಲು ಬಡಿದು ಮಾಯ. ಸುರಿಯುವ ಮಳೆ. ಮಾರ್ಟಿ ಒಬ್ಬನೇ ರಸ್ತೆಯಲ್ಲಿ. ಒಂದು ಕಾರು ಬಂದು ನಿಲ್ಲುತ್ತದೆ. ಅಮೆರಿಕದ ಟೆಲಿಗ್ರಾಂ ಕಂಪನಿ ವೆಸ್ಟರ್ನ್ ಯೂನಿಯನ್‌ನವನು ಇಳಿದು, ನಿಮಗೊಂದು ಕಾಗದ, 70 ವರ್ಷದಿಂದ ನಮ್ಮ ಕಚೇರಿಯಲ್ಲಿತ್ತು ಅನ್ನುತ್ತಾನೆ. 1885ರಿಂದ ಡಾಕ್ ಬರೆದದ್ದು! ಇಂಥ ದಿನ, ಇಂಥ ನಿಮಿಷ, ಇಂಥ ಜಾಗದಲ್ಲಿ ಇಂಥ ಹುಡುಗ ಇರುತ್ತಾನೆ, ಕೊಡಿ ಅಂತ ಬರೆದಿಟ್ಟಿದ್ದನಂತೆ. ಇವನು ಇರುತ್ತಾನೋ ಇಲ್ಲವೋ ಅಂತ ಕಚೇರಿಯವರು ಬಾಜಿ ಕಟ್ಟಿದ್ದಾರೆ. ಕಾಗದ ತಂದವನು ತಾನು ಸೋತೆ ಅಂತ ಪೆಚ್ಚಾಗುತ್ತಾನೆ. ಪೂರ್ತಿ ಸಿನಿಮಾದಲ್ಲಿ ಬಾಜಿ ಕಟ್ಟಿ ಲೋಕ ಹಾಳು ಮಾಡಿದ ಮೇಲೆ, ಕೊನೆಗೆ ಇಂಥದ್ದೊಂದು ಪುಟಾಣಿ ಬಾಜಿ.

ನಮ್ಮಣ್ಣ ನೋಡಿ ಅಂದಿದ್ದು ಇಷ್ಟೇ. 70 ವರ್ಷದಲ್ಲಿ ಕಚೇರಿ ಎಷ್ಟು ಸಲ ಜಾಗ ಬದಲಾಯಿಸಿರಬೇಕು, ಎಷ್ಟು ಜನ ಚಾರ್ಜ್ ವಹಿಸಿಕೊಟ್ಟಿರಬೇಕು, ಒಂದು ಸಲವೂ ಹಳೇ ರದ್ದಿಗೆ ಹೋಗಲಿಲ್ಲವಾ? ಹಾರುವ ಕಾರನ್ನು ನಂಬಿದ, ಇದನ್ನು ನಂಬಲಿಲ್ಲ. ನಮ್ಮ ದೇಶದಲ್ಲಿ ಟೆಲಿಗ್ರಾಂ 2013ರಲ್ಲಿ ನಿಂತುಹೋಯಿತು.

ಗಿರಿ_ಬದಿ, ಚಿಕ್ಕಮಗಳೂರು

ಈ ಬಾಜಿ ವಿಷಯ ನಾನು ಗಮನಿಸಿರಲೇ ಇಲ್ಲ, ಚೆನ್ನಾಗಿ ಹಿಡಿದಿದ್ದೀರಿ. ಅದರ ಮುಂದಿನ ನಿಮಿಷವೂ ನೋಡಿ. ಕಾಗದ ಓದಿದ ಮಾರ್ಟಿ ಗೋಪುರದ ಕಡೆ ಓಡುತ್ತಾನೆ. ಮೊದಲ ಭಾಗದ ಕೊನೆ ಈಗಷ್ಟೇ ಮುಗಿದಿದೆ. ರಸ್ತೆ ಮೇಲೆ ಬೆಂಕಿಯ ಎರಡು ಗೆರೆ ಇನ್ನೂ ಉರಿಯುತ್ತಿದೆ. 1955ರ ಡಾಕ್ ಖುಷಿಯಲ್ಲಿ ಕುಣಿಯುತ್ತಿದ್ದಾನೆ, ಹುಡುಗನನ್ನು ಮನೆಗೆ ಕಳಿಸಿಕೊಟ್ಟೆ ಅಂತ. ಹಿಂದಿನಿಂದ ಅದೇ ಹುಡುಗ ಬಂದು ಭುಜ ಹಿಡಿಯುತ್ತಾನೆ. ಪಾಪ, ಮುದುಕ ಮೂರ್ಛೆ ಹೋಗದೆ ಏನು ಮಾಡುತ್ತಾನೆ?

ಸಾಲಗಾಮೆ_ರೋಡ್ ಅವರೇ, ಮೊದಲ ಭಾಗದ ಸುಖಾಂತ್ಯಕ್ಕೆ ಸಿಕ್ಕಿದ ಆಯಸ್ಸು ಅಷ್ಟೇ, ಡಾಕ್ ಕುಣಿದ ಆ ಕೆಲವು ಸೆಕೆಂಡು. ಅದು ಸಾಲ ಅಲ್ಲ, ದರೋಡೆ. ನನಗೆ ಇಷ್ಟವಾಗಿದ್ದೇ ಅದು.

ಸಾಲಗಾಮೆ_ರೋಡ್, ಹಾಸನ

ದರೋಡೆ ಅಂತ ನೀವೇ ಒಪ್ಪಿದ ಮೇಲೆ ನನ್ನದು ಮುಗಿಯಿತು. ಭಾನುವಾರ ಮೂರನೆಯದು. ನಮ್ಮ ಮನೆಯಲ್ಲಿ, ನಮ್ಮ ಪ್ರೊಜೆಕ್ಟರ್. ಪ್ರಶ್ನೆ ಕೇಳಿದರೆ ಆಫ್ ಆಗುವುದಿಲ್ಲ.

ಪುಟ_ತಿರುವಿ, ಹಾಸನ

ನಾನು ಬರುತ್ತೇನೆ. ಜೆನಿಫರ್ ಎದ್ದಳಾ ಅಂತ ನೋಡಬೇಕು.